ಏಳು ಮಕ್ಕಳ ತಾಯಿ ಬರೆಯುವ ಹೊತ್ತನ್ನು ಎಲ್ಲಿಂದ ತಂದರು? ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಮನೆವಾರ್ತೆ ಕುರಿತು ಚರ್ಚೆ

ಸಹ್ಯಾದ್ರಿಯ ಓದುಗಿ:

ವೇದಿಕೆಯ ಎಲ್ಲರಿಗೂ ನಮಸ್ಕಾರ. ಅಮೆರಿಕದ ಗುಲಾಮಗಿರಿಯ ಕಥೆ ಹೇಳುವ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯನ್ನು ನಮ್ಮಲ್ಲಿ ಬಹಳ ಮಂದಿ ಶಾಲೆಯ ದಿನಗಳಲ್ಲೇ ಸಂಕ್ಷಿಪ್ತ ರೂಪದಲ್ಲಾದರೂ ಓದಿರುತ್ತೇವೆ. ಅದನ್ನು ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಪತ್ರಗಳನ್ನು ಎರಡು ತಿಂಗಳಿಂದ ಓದುತ್ತಿದ್ದೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಲಾಮಗಿರಿಯನ್ನು ಕುರಿತ ಪತ್ರವಲ್ಲ, 1850ರ ಡಿಸೆಂಬರಿನಲ್ಲಿ ಮೇಯ್ನ್ ರಾಜ್ಯದ ಬ್ರನ್ಸ್‌ವಿಕ್ ಊರಿನಿಂದ ತಮ್ಮ ಅತ್ತಿಗೆಗೆ ಬರೆದ ಒಂದು ಮನೆಯ ಕಾಗದ. ಈ ಕಾಗದ ಶುರುಮಾಡಿದ ಮೇಲೆ ಹನ್ನೆರಡು ಸಲವಾದರೂ ಎದ್ದು ಹೋಗಬೇಕಾಯಿತು ಎಂದು ಅವರು ಅದರಲ್ಲೇ ಲೆಕ್ಕ ಕೊಡುತ್ತಾರೆ. ಮೀನು ಮಾರುವವನು ಬಂದಾಗ ಕಾಡ್ ಮೀನು ಕೊಳ್ಳಲು ಒಮ್ಮೆ, ಸೇಬಿನ ಪೀಪಾಯಿಗಳನ್ನು ತಂದವನನ್ನು ಮಾತಾಡಿಸಲು ಒಮ್ಮೆ, ಪುಸ್ತಕ ಮಾರುವವನಿಗಾಗಿ ಒಮ್ಮೆ, ಬರೆದುಕೊಡುತ್ತೇನೆಂದು ಮಾತು ಕೊಟ್ಟಿದ್ದ ಚಿತ್ರದ ಸಲುವಾಗಿ ಪರಿಚಯದವರ ಮನೆಗೆ ಒಮ್ಮೆ, ಮಗುವಿಗೆ ಹಾಲೂಡಿಸಲು ಒಮ್ಮೆ, ಮಧ್ಯಾಹ್ನದ ಊಟಕ್ಕೆ ಮೀನಿನ ಗಟ್ಟಿ ಸಾರು ಮಾಡಲು ಅಡುಗೆಮನೆಗೆ ಇನ್ನೊಮ್ಮೆ. ಅಷ್ಟಾದ ಮೇಲೆ ಮತ್ತೆ ಬಂದು ಕೂತೆ, ಬರೀ ಹಟದಿಂದ ಬರೆಯುತ್ತಿದ್ದೇನೆ, ಇದು ಗಾಳಿಗೂ ಪ್ರವಾಹಕ್ಕೂ ಎದುರಾಗಿ ಹುಟ್ಟು ಹಾಕಿದ ಹಾಗೆ ಎನ್ನುತ್ತಾರೆ.

ಇದಾದ ಆರೇ ತಿಂಗಳಿಗೆ, 1851ರ ಜೂನ್ 5ರಂದು, ಆ ಕಾದಂಬರಿಯ ಮೊದಲ ಕಂತು ವಾಷಿಂಗ್ಟನ್ನಿನ ‘ನ್ಯಾಷನಲ್ ಇರಾ’ ವಾರಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಪ್ರಶ್ನೆ ಸರಳವಾದದ್ದು. ಮನೆಯಲ್ಲಿ ಆರು ಮಕ್ಕಳಿದ್ದರು, ಅದರಲ್ಲಿ ಒಂದು ಹಾಲು ಕುಡಿಯುವ ಕೂಸು. ಗಂಡನ ಸಂಬಳ ಕಡಿಮೆ. ಹೀಗಿರುವಾಗ ಈಕೆಗೆ ಬರೆಯುವ ಹೊತ್ತು ಎಲ್ಲಿಂದ ಬಂತು? ಪ್ರತಿಭೆ ಎಂಬ ಒಂದೇ ಉತ್ತರದಿಂದ ನನಗೆ ಸಮಾಧಾನವಾಗುತ್ತಿಲ್ಲ.

ಇತಿಹಾಸದ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಹ್ಯಾರಿಯೆಟ್ ಹುಟ್ಟಿದ್ದು 1811ರ ಜೂನ್ 14ರಂದು, ಕನೆಕ್ಟಿಕಟ್ ರಾಜ್ಯದ ಲಿಚ್‌ಫೀಲ್ಡ್‌ನಲ್ಲಿ. ತಂದೆ ಲೈಮನ್ ಬೀಚರ್ ಹೆಸರಾಂತ ಪಾದ್ರಿ. ತಾಯಿ ರೊಕ್ಸಾನಾ ತೀರಿಕೊಂಡಾಗ ಈಕೆಗೆ ಬರೀ ಐದು ವರ್ಷ. 1832ರಲ್ಲಿ ಮನೆಮಂದಿಯೆಲ್ಲ ಒಹಾಯೊ ನದಿಯ ದಡದ ಸಿನ್ಸಿನಾಟಿಗೆ ಹೋದರು, ಏಕೆಂದರೆ ಅಲ್ಲಿನ ಲೇನ್ ದೈವಶಾಸ್ತ್ರ ಶಾಲೆಗೆ ಲೈಮನ್ ಮುಖ್ಯಸ್ಥರಾಗಿದ್ದರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಕ್ಯಾಲ್ವಿನ್ ಸ್ಟೋವ್ ಅವರ ಮೊದಲ ಹೆಂಡತಿ ಎಲಿಜಾ ಟೈಲರ್ ಹ್ಯಾರಿಯೆಟ್‌ಗೆ ಆಪ್ತ ಗೆಳತಿ. ಆಕೆ 1834ರಲ್ಲಿ ತೀರಿಕೊಂಡರು, 1836ರ ಜನವರಿಯಲ್ಲಿ ಹ್ಯಾರಿಯೆಟ್ ಕ್ಯಾಲ್ವಿನ್ ಅವರನ್ನು ಮದುವೆಯಾದರು. ಅದೇ ವರ್ಷ ಕ್ಯಾಲ್ವಿನ್ ಶಾಲೆಗೆ ಪುಸ್ತಕ ಕೊಳ್ಳಲು ಯೂರೋಪಿಗೆ ಹೊರಟರು. ಗಂಡ ಸಮುದ್ರದಾಚೆ ಇರುವಾಗ, ಸೆಪ್ಟೆಂಬರ್ 29ರಂದು, ಹ್ಯಾರಿಯೆಟ್ ಅವಳಿ ಹೆಣ್ಣುಮಕ್ಕಳನ್ನು ಹೆತ್ತರು. ಮಕ್ಕಳಲ್ಲಿ ಒಬ್ಬಳಿಗೆ ತೀರಿಹೋದ ಮೊದಲ ಹೆಂಡತಿಯ ಹೆಸರು, ಇನ್ನೊಬ್ಬಳಿಗೆ ಈಗಿನ ಹೆಂಡತಿಯ ಹೆಸರು. ಎಲಿಜಾ ಮತ್ತು ಹ್ಯಾರಿಯೆಟ್ ಎಂದೇ ಇಡಬೇಕೆಂದು ಹಟ ಹಿಡಿದವರು ಕ್ಯಾಲ್ವಿನ್. ಸತ್ತ ಗೆಳತಿಯ ಹೆಸರನ್ನು ದಿನವೂ ತನ್ನ ಮಗಳಲ್ಲಿ ಕೂಗಿ ಕರೆದ ಆ ಮನೆಯ ವಾತಾವರಣವನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಹೊತ್ತಿನ ಮಾತಿಗೆ ಬರುವುದಾದರೆ, 1838ರ ಕೊನೆಯಲ್ಲಿ ಗೆಳತಿಯೊಬ್ಬರಿಗೆ ಬರೆದ ಪತ್ರದಲ್ಲಿ ಹ್ಯಾರಿಯೆಟ್ ಅವರೇ ಲೆಕ್ಕ ಬಿಚ್ಚಿಟ್ಟಿದ್ದಾರೆ. ಪತ್ರಿಕೆಗಳಿಗೆ ಕಥೆ ಬರೆದು ಬಂದ ಹಣದಿಂದ ಮನೆಗೆಲಸಕ್ಕೆ ಗಟ್ಟಿಮುಟ್ಟಾದ ಒಬ್ಬ ಜರ್ಮನ್ ಹುಡುಗಿಯನ್ನು ಇಟ್ಟುಕೊಂಡರು. ಅದರಿಂದ, ಮೊದಲಿನಿಂದ ಜೊತೆಯಲ್ಲಿದ್ದ ಆನ್ನಾ ಎಂಬ ಯುವತಿಗೆ ಮಕ್ಕಳನ್ನು ಪೂರ್ತಿಯಾಗಿ ನೋಡಿಕೊಳ್ಳಲು ಬಿಡುವಾಯಿತು. ಅದರಿಂದ ಹ್ಯಾರಿಯೆಟ್‌ಗೆ ದಿನಕ್ಕೆ ಸುಮಾರು 3 ಗಂಟೆ ಬರವಣಿಗೆಗೆ ಸಿಕ್ಕಿತು. ಬರೆದ ಹಣದಿಂದ ಹೊತ್ತನ್ನು ಕೊಂಡು, ಆ ಹೊತ್ತಿನಲ್ಲಿ ಮತ್ತೆ ಹಣಕ್ಕಾಗಿ ಬರೆದರು. ಆ ಹಣ ಅವರಿಗೆ ಹವ್ಯಾಸದ ಹಣವಾಗಿರಲಿಲ್ಲ, ಸಂಸಾರದ ತೂತು ಮುಚ್ಚುವ ಹಣವಾಗಿತ್ತು.

ಸೂಲಗಿತ್ತಿಯ ಮೊಮ್ಮಗಳು:

ಮೇಷ್ಟ್ರು ಗಂಟೆಯ ಲೆಕ್ಕ ಕೊಟ್ಟರು, ಮೈಯ ಲೆಕ್ಕವನ್ನೂ ಹೇಳಬೇಕು. 1836ರಲ್ಲಿ ಅವಳಿಗಳು, 1838ರಲ್ಲಿ ಹೆನ್ರಿ, 1840ರಲ್ಲಿ ಫ್ರೆಡರಿಕ್, 1843ರಲ್ಲಿ ಜಾರ್ಜಿಯಾನಾ, 1848ರಲ್ಲಿ ಸ್ಯಾಮ್ಯುಯೆಲ್ ಚಾರ್ಲ್ಸ್, 1850ರಲ್ಲಿ ಚಾರ್ಲ್ಸ್ ಎಡ್ವರ್ಡ್. ನಡುನಡುವೆ ಇಳಿದುಹೋದ ಬಸಿರುಗಳೂ ಇವೆ. ಎರಡನೆಯ ಹೆರಿಗೆಯಾದಾಗ ಅವಳಿಗಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನನ್ನ ಅಜ್ಜಿ ಇಂತಹ ಮನೆಗಳನ್ನು ‘ತೊಟ್ಟಿಲ ಹಗ್ಗ ಬಿಚ್ಚದ ಮನೆ’ ಎನ್ನುತ್ತಿದ್ದರು.

1845ರ ಜೂನಿನಲ್ಲಿ ಪರಸ್ಥಳದಲ್ಲಿದ್ದ ಗಂಡನಿಗೆ ಅವರು ಬರೆದ ಪತ್ರವನ್ನು ಓದುಗಿಯವರು ದಯವಿಟ್ಟು ಹುಡುಕಿ ಓದಬೇಕು. ಮೋಡ, ಮಳೆ, ಕೆಸರಿನ ದಿನ. ಇಡೀ ದಿನ ಪಾತ್ರೆ ತೊಳೆದು, ಅಲಮಾರುಗಳ ಮೂಲೆ ತಡಕಿ ಸಾಕಾಗಿದೆ. ಹಾಲೂ ಹುಳಿ, ಮಾಂಸವೂ ಹುಳಿ, ಎಲ್ಲವೂ ಹುಳಿ ನಾರುತ್ತದೆ, ಒಗೆದ ಬಟ್ಟೆ ಒಣಗುವುದೇ ಇಲ್ಲ, ಇನ್ನು ಊಟವೇ ಬೇಡವೆನ್ನಿಸುತ್ತದೆ ಎನ್ನುತ್ತಾರೆ. ಒಹಾಯೊ ಕಣಿವೆಯ ಆ ಸೆಕೆಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯ ಅನುಕೂಲವಿಲ್ಲದ ಅಡುಗೆಮನೆಯಲ್ಲಿ, ಎರಡು ವರ್ಷದ ಮಗುವನ್ನು ಇಟ್ಟುಕೊಂಡು ಮೈಯಲ್ಲಿ ಶಕ್ತಿಯಿಲ್ಲದೆ ಕೂತ ಹೆಂಗಸಿನ ನಿಜವಾದ ಮಾತು ಅದು.

ಮರುವರ್ಷ ಅವರು ಮಕ್ಕಳನ್ನು ಬಿಟ್ಟು ವರ್ಮಾಂಟ್‌ನ ಬ್ರ್ಯಾಟಲ್‌ಬರೊದ ಜಲಚಿಕಿತ್ಸಾ ಕೇಂದ್ರಕ್ಕೆ ಹೊರಟರು. ತಣ್ಣೀರ ಸ್ನಾನ, ಒದ್ದೆ ಬಟ್ಟೆ ಸುತ್ತುವುದು, ಗುಡ್ಡದ ದಾರಿಯಲ್ಲಿ ದೂರ ನಡೆಯುವುದು, ಸಾದಾ ಊಟ. 1847ರ ವಸಂತದ ಹೊತ್ತಿಗಷ್ಟೇ ಮನೆಗೆ ಮರಳಿದರು. ಇದನ್ನು ಸಿರಿವಂತರ ವಿಹಾರವೆಂದು ತಿಳಿಯಬಾರದು, ನೆಂಟರು ಮತ್ತು ಹಿತೈಷಿಗಳು ಹಣ ಕೂಡಿಸಿ ಕಳುಹಿಸಿದ್ದು. ಗಂಡಹೆಂಡಿರು ದೂರ ಇದ್ದಷ್ಟು ಕಾಲ ಬಸಿರಿನ ಭಯವಿಲ್ಲ ಎಂಬುದನ್ನು ಆ ಕಾಲದ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದಿದ್ದರೂ ಚೆನ್ನಾಗಿ ತಿಳಿದಿದ್ದರು. ನನ್ನ ಮಟ್ಟಿಗೆ ಬ್ರ್ಯಾಟಲ್‌ಬರೊದಲ್ಲಿ ಅವರಿಗೆ ಸಿಕ್ಕ ಔಷಧಿ ನೀರಲ್ಲ, ಆ ಬಿಡುವು.

ತುಂಗಾತೀರ:

ಆ ಬಿಡುವಿನ ನಂತರ ಹುಟ್ಟಿದ ಮಗುವಿನ ಕಥೆಯನ್ನು ಹೇಳದೆ ಈ ಚರ್ಚೆ ಮುಂದೆ ಹೋಗಬಾರದು.

ಸ್ಯಾಮ್ಯುಯೆಲ್ ಚಾರ್ಲ್ಸ್ ಹುಟ್ಟಿದ್ದು 1848ರ ಜನವರಿಯಲ್ಲಿ. ಆರೋಗ್ಯವಾದ, ನಗುಮುಖದ ಕೂಸು. ಅದೇ ವರ್ಷದ ಬೇಸಗೆಯಲ್ಲಿ ಕ್ಯಾಲ್ವಿನ್ ತಮ್ಮ ಸರದಿಯೆಂಬಂತೆ ಬ್ರ್ಯಾಟಲ್‌ಬರೊಗೆ ಹೋದರು, ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. 1849ರಲ್ಲಿ ಸಿನ್ಸಿನಾಟಿಗೆ ಕಾಲರಾ ಬಂತು. ಕುಡಿಯುವ ನೀರಿನಿಂದ ಆ ರೋಗ ಹರಡುತ್ತದೆಂದು ಆಗ ವೈದ್ಯರಿಗೇ ಗೊತ್ತಿರಲಿಲ್ಲ, ನೀರು ಕುದಿಸಿ ಕುಡಿಯಬೇಕೆಂದು ಹೇಳುವವರೂ ಇರಲಿಲ್ಲ. ಹೆಣ ಸಾಗಿಸುವ ಬಂಡಿಗಳು ಸಾಲದೆ ಸಾಮಾನು ಸಾಗಿಸುವ ಗಾಡಿಗಳನ್ನೇ ಬಳಸುತ್ತಿದ್ದಾರೆಂದು ಹ್ಯಾರಿಯೆಟ್ ಗಂಡನಿಗೆ ಬರೆದರು. ನೀವು ಮಾತ್ರ ಬರಬೇಡಿ, ಬಂದರೆ ನೀವೂ ಕಾಯಿಲೆ ಬೀಳುತ್ತೀರಿ ಎಂದೂ ಖಂಡಿತವಾಗಿ ಬರೆದರು. ಜುಲೈ ಎರಡನೆಯ ವಾರ ಮಗುವಿಗೆ ಕಾಯಿಲೆ ಶುರುವಾಯಿತು. ಮನೆಯ ನಾಯಿ ಒದ್ದಾಡಿ ಸತ್ತ ದಿನವೇ ಅವರ ಮನೆಯ ಬಟ್ಟೆ ಒಗೆಯುತ್ತಿದ್ದ ಮುದುಕಿ ಸಾಯುತ್ತಿದ್ದಾಳೆಂಬ ಸುದ್ದಿ ಬಂತು. ಆಕೆಯ ಶವಕ್ಕೆ ಹೊದಿಸುವ ಬಟ್ಟೆಯನ್ನು ಹೊಲಿದವರು ಇದೇ ಮನೆಯ ಹೆಣ್ಣುಮಕ್ಕಳು. ಮಗು ಒಮ್ಮೆ ಚೇತರಿಸಿಕೊಂಡಂತೆ ಕಂಡು ಮತ್ತೆ ಕುಸಿಯಿತು. ಜುಲೈ 26ರ ಪತ್ರ ಎಲ್ಲ ಮುಗಿಯಿತು ಎಂಬ ಮಾತಿನಿಂದ ಶುರುವಾಗುತ್ತದೆ.

ಒಂದೂವರೆ ವರ್ಷದ ಮಗು. ತಂದೆ ನೂರಾರು ಮೈಲಿ ದೂರ. ಸತ್ತ ಮೇಲೆ ತೆಗೆಸಿದ ಆ ಕೂಸಿನ ಚಿತ್ರ ಇಂದಿಗೂ ಉಳಿದಿದೆ. ಒಬ್ಬ ಗುಲಾಮ ತಾಯಿಯಿಂದ ಮಗುವನ್ನು ಕಿತ್ತುಕೊಂಡಾಗ ಆಕೆಗೆ ಏನಾಗುತ್ತದೆಂಬುದನ್ನು ನಾನು ಕಲಿತದ್ದು ಈ ಮಗುವಿನ ಸಾವಿನ ಹಾಸಿಗೆಯ ಪಕ್ಕದಲ್ಲಿ, ಅದರ ಸಮಾಧಿಯ ಬಳಿಯಲ್ಲಿ ಎಂದು ಹ್ಯಾರಿಯೆಟ್ ಮುಂದೆ ತಾವೇ ಹೇಳಿಕೊಂಡರು. ಕಾದಂಬರಿಯ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಬಿಡುಗಡೆಯ ಹಾದಿ:

ತುಂಗಾತೀರ ಅವರ ಬರಹ ಓದಿ ಮನಸ್ಸು ಭಾರವಾಯಿತು. ಆದರೂ ಕೊನೆಯ ಮಾತನ್ನು ಹಾಗೆಯೇ ಒಪ್ಪಲಾರೆ, ಕ್ಷಮಿಸಬೇಕು.

ಕಾಲರಾ ಮಗುವನ್ನು ಕೊಂಡೊಯ್ದರೆ ಊರೇ ಬಂದು ತಾಯಿಯ ಜೊತೆ ಅಳುತ್ತದೆ. ಗುಲಾಮ ತಾಯಿಯ ಮಗುವನ್ನು ಕೊಂಡೊಯ್ದದ್ದು ರೋಗವಲ್ಲ, ಕಾನೂನು. ತಾಯಿ ಗುಲಾಮಳಾಗಿದ್ದರೆ ಹುಟ್ಟುವ ಮಗುವೂ ಗುಲಾಮ ಎಂಬ ನಿಯಮವನ್ನು ವರ್ಜೀನಿಯಾ 1662ರಲ್ಲೇ ಬರೆದಿಟ್ಟಿತ್ತು. ಆದ್ದರಿಂದಲೇ ಒಡೆಯ ತಾನೇ ಹುಟ್ಟಿಸಿದ ಮಗುವನ್ನು ಮಾರಬಹುದಾಗಿತ್ತು. ಇದನ್ನು ಹ್ಯಾರಿಯೆಟ್ ಯಾವ ಸಮಾಧಿಯ ಬಳಿಯೂ ಕಲಿಯಲು ಸಾಧ್ಯವಿರಲಿಲ್ಲ, ತಮ್ಮ ಅಡುಗೆಮನೆಯಲ್ಲೇ ಕಲಿತರು. ಸಿನ್ಸಿನಾಟಿಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಎಲಿಜಾ ಬಕ್ ಎಂಬ ಕಪ್ಪು ಮಹಿಳೆ ಹಿಂದೆ ಗುಲಾಮಳಾಗಿದ್ದವರು. ಆಕೆಯ ಮಕ್ಕಳ ತಂದೆಯನ್ನು ಹ್ಯಾರಿಯೆಟ್ ಆಕೆಯ ಗಂಡನೆಂದೇ ಬಹುಕಾಲ ಭಾವಿಸಿದ್ದರು. ಆತ ಕೆಂಟಕಿಯ ಒಡೆಯನೆಂದು ತಿಳಿದದ್ದು ಆಮೇಲೆ. ಗುಲಾಮ ಹೆಂಗಸರ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಆಕೆ ಸಮಾಧಾನದಿಂದಲೇ ಹೇಳಿದರಂತೆ. ಸ್ಟೋವ್ ಅವರ ಮಕ್ಕಳಿಗೆ ಊಟ ಬಡಿಸಿದ ಕೈಗಳು ಆಕೆಯವು ಎಂಬುದನ್ನು ನಾವು ಮರೆಯಬಾರದು. ಓದುಗಿಯವರು ಕೇಳಿದ ‘ಹೊತ್ತು’ ಆಕೆಯಿಂದಲೂ ಬಂದಿದೆ.

ಇನ್ನೊಬ್ಬ ಹ್ಯಾರಿಯೆಟ್ ಇದ್ದಾರೆ, ಹ್ಯಾರಿಯೆಟ್ ಜೇಕಬ್ಸ್. ನಾರ್ತ್ ಕ್ಯಾರೊಲೈನಾದ ಈಡೆಂಟನ್ ಊರಿನವರು. ಒಡೆಯನಿಂದ ತಪ್ಪಿಸಿಕೊಂಡು ಅಜ್ಜಿಯ ಮನೆಯ ಮಾಡಿನ ಕೆಳಗಿನ, ನೆಟ್ಟಗೆ ನಿಲ್ಲಲೂ ಆಗದ ಇಕ್ಕಟ್ಟಿನಲ್ಲಿ ಸುಮಾರು ಏಳು ವರ್ಷ ಅಡಗಿದ್ದರು. ಹಲಗೆಯಲ್ಲಿ ಸಣ್ಣ ತೂತು ಕೊರೆದು, ಕೆಳಗೆ ಆಡುತ್ತಿದ್ದ ತಮ್ಮಿಬ್ಬರು ಮಕ್ಕಳನ್ನು ನೋಡುತ್ತಿದ್ದರು. ತಾಯಿ ಇಲ್ಲೇ ತಲೆಯ ಮೇಲೆಯೇ ಇದ್ದಾಳೆಂಬುದು ಮಕ್ಕಳಿಗೆ ತಿಳಿಯುವ ಹಾಗಿರಲಿಲ್ಲ. 1853ರಲ್ಲಿ ಜೇಕಬ್ಸ್ ತಮ್ಮ ಕಥೆ ಬರೆಯಲು ಸ್ಟೋವ್ ಅವರ ನೆರವು ಕೋರಿದಾಗ, ಸ್ಟೋವ್ ಅದನ್ನು ತಮ್ಮದೇ ಹೊಸ ಪುಸ್ತಕದೊಳಗೆ ಸೇರಿಸಿಕೊಳ್ಳಲು ಮುಂದಾದರು. ಅಷ್ಟೇ ಅಲ್ಲ, ಕಥೆ ನಿಜವೇ ಎಂದು ಜೇಕಬ್ಸ್ ಕೆಲಸಕ್ಕಿದ್ದ ಮನೆಯ ಯಜಮಾನಿಗೇ ಪತ್ರ ಬರೆದು ವಿಚಾರಿಸಿದರು. ತಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಯಜಮಾನಿಯ ಕಿವಿಗೆ ಹೋದದ್ದು ಜೇಕಬ್ಸ್ ಅವರಿಗೆ ಬಹಳ ನೋವಾಯಿತು. ಕೊನೆಗೆ ತಮ್ಮ ಪುಸ್ತಕವನ್ನು ತಾವೇ ಬರೆದು 1861ರಲ್ಲಿ ಪ್ರಕಟಿಸಿದರು. ಮಗುವನ್ನು ಕಳೆದುಕೊಂಡ ತಾಯಿಯೂ ಇನ್ನೊಬ್ಬ ತಾಯಿಯ ನೋವಿನ ಮುಂದೆ ಹೀಗೆ ಎಡವಬಲ್ಲಳು.

ತುಂಗಾತೀರ:

ನೀವು ಹೇಳಿದ್ದು ಸರಿ. ಎರಡೂ ದುಃಖ ಒಂದೇ ಎಂದು ನಾನು ಬರೆದಂತೆ ಓದಿಸಿಕೊಂಡಿದ್ದರೆ ಆ ತಪ್ಪು ನನ್ನದು. ಸಾವು ಆಕೆಯ ಕಿವಿಯನ್ನು ತೆರೆಯಿತು, ಕೇಳಬೇಕಾದ ಮಾತನ್ನು ಎಲಿಜಾ ಬಕ್ ಅಂಥವರು ಹೇಳಿದರು ಎಂದು ತಿದ್ದಿಕೊಳ್ಳುತ್ತೇನೆ.

ಅದೇ ಬ್ರನ್ಸ್‌ವಿಕ್ ಮನೆಯ ಒಂದು ರಾತ್ರಿಯನ್ನು ಇಲ್ಲಿ ಸೇರಿಸಲೇಬೇಕು. 1850ರ ಸೆಪ್ಟೆಂಬರಿನಲ್ಲಿ ಪರಾರಿ ಗುಲಾಮರ ಕಾನೂನು ಬಂದು, ಓಡಿಬಂದವರಿಗೆ ಆಸರೆ ಕೊಡುವುದೇ ಅಪರಾಧವಾಗಿತ್ತು. ಸೌತ್ ಕ್ಯಾರೊಲೈನಾದಿಂದ ತಪ್ಪಿಸಿಕೊಂಡು ಕೆನಡಾದ ದಾರಿ ಹಿಡಿದಿದ್ದ ಜಾನ್ ಆಂಡ್ರ್ಯೂ ಜಾಕ್ಸನ್ ಎಂಬವರಿಗೆ ಹ್ಯಾರಿಯೆಟ್ ಆ ಕಾನೂನನ್ನು ಮೀರಿ ರಾತ್ರಿ ತಂಗಲು ಜಾಗ ಕೊಟ್ಟರು. ಆತ ಮಕ್ಕಳಿಗೆ ಹಾಡು ಹೇಳಿದರು. ಮಕ್ಕಳು ಆತನನ್ನು ಬಿಟ್ಟು ಏಳಲಿಲ್ಲ. ಬೆನ್ನಿನ ಮೇಲಿನ ಚಾಟಿಯ ಗಾಯದ ಗುರುತುಗಳನ್ನು ಹ್ಯಾರಿಯೆಟ್ ಕಣ್ಣಾರೆ ಕಂಡರು. ಆಗ ಗಂಡ ಊರಲ್ಲಿರಲಿಲ್ಲ.

ಸಹ್ಯಾದ್ರಿಯ ಓದುಗಿ:

ನಿಮ್ಮಿಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಇನ್ನೊಂದು ಪ್ರಶ್ನೆ. ಬ್ರನ್ಸ್‌ವಿಕ್‌ನಲ್ಲಿ ಎಲಿಜಾ ಬಕ್ ಇರಲಿಲ್ಲ. ಕಾದಂಬರಿ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದ ಹತ್ತು ತಿಂಗಳಲ್ಲಿ ಮನೆಯನ್ನು ನಡೆಸಿದವರು ಯಾರು?

ಇತಿಹಾಸದ ಮೇಷ್ಟ್ರು:

ಅಕ್ಕ. ಈ ಚರ್ಚೆಯಲ್ಲಿ ನಾನು ಹೇಳಬೇಕೆಂದು ಕಾದಿದ್ದ ಮಾತೂ ಇದೇ.

ಬ್ರನ್ಸ್‌ವಿಕ್‌ಗೆ ಬಂದ ಬಗೆಯನ್ನು ಮೊದಲು ನೋಡಿ. ಬೌಡನ್ ಕಾಲೇಜಿನಲ್ಲಿ ಕ್ಯಾಲ್ವಿನ್‌ಗೆ ಕೆಲಸ ಸಿಕ್ಕಿತ್ತು, ಆದರೆ ಸಿನ್ಸಿನಾಟಿಯ ಕೆಲಸ ಮುಗಿದಿರಲಿಲ್ಲ. 1850ರ ವಸಂತದಲ್ಲಿ ತುಂಬು ಬಸುರಿಯಾಗಿದ್ದ ಹ್ಯಾರಿಯೆಟ್ ಮೂವರು ಮಕ್ಕಳನ್ನು ಕಟ್ಟಿಕೊಂಡು ದೋಣಿ, ರೈಲುಗಳಲ್ಲಿ ಮೇಯ್ನ್‌ವರೆಗೆ ಬಂದರು. ಖಾಲಿ ಮನೆಗೆ ಬಣ್ಣ ಬಳಿಸಿ, ಹಳೆಯ ಕುರ್ಚಿಗಳಿಗೆ ಮೆರುಗೆಣ್ಣೆ ಹಚ್ಚಿಸಿ, ಸೋಫಾಗಳನ್ನು ಹೊಲಿಸಿ, ಜುಲೈ 8ರಂದು ಕೊನೆಯ ಮಗುವನ್ನು ಹೆತ್ತರು. ಮಳೆನೀರು ಹಿಡಿಯಲು ತರಿಸಿದ ದೊಡ್ಡ ಮರದ ಪೀಪಾಯಿಗಳು ನೆಲಮಾಳಿಗೆಯ ಬಾಗಿಲಲ್ಲಿ ತೂರಲಿಲ್ಲ. ಪೀಪಾಯಿ ಕಟ್ಟುವವನನ್ನು ಕರೆಸಿ, ಅವನ್ನು ಹಲಗೆ ಹಲಗೆಯಾಗಿ ಬಿಚ್ಚಿಸಿ, ಒಳಗೆ ಮತ್ತೆ ಕಟ್ಟಿಸಿದರು. ಇದರ ಮೇಲೆ ದಿನಕ್ಕೊಂದು ಗಂಟೆ ಮನೆಯಲ್ಲೇ ಪಾಠ, ಸಂಜೆ ಎರಡು ಗಂಟೆ ಮಕ್ಕಳಿಗೆ ವಾಲ್ಟರ್ ಸ್ಕಾಟ್ ಕಾದಂಬರಿಗಳ ಓದು.

ಅಕ್ಕ ಕ್ಯಾಥರೀನ್ ಬೀಚರ್ ಹ್ಯಾರಿಯೆಟ್‌ಗಿಂತ ಹನ್ನೊಂದು ವರ್ಷ ದೊಡ್ಡವರು. ಮದುವೆ ನಿಶ್ಚಯವಾಗಿದ್ದ ಗಂಡು 1822ರಲ್ಲಿ ಹಡಗು ಒಡೆದು ಸತ್ತ ಮೇಲೆ ಒಂಟಿಯಾಗಿಯೇ ಉಳಿದರು. ಹಾರ್ಟ್‌ಫರ್ಡ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದರು, 1841ರಲ್ಲಿ ಮನೆವಾರ್ತೆಯ ಬಗ್ಗೆಯೇ ದೊಡ್ಡ ಪುಸ್ತಕ ಬರೆದರು. ತಂಗಿಯ ಕಾದಂಬರಿ ನಡೆಯುತ್ತಿದ್ದಾಗ ತಮ್ಮ ಕೆಲಸಗಳನ್ನು ಬದಿಗಿಟ್ಟು ಬ್ರನ್ಸ್‌ವಿಕ್‌ಗೆ ಬಂದು ಮನೆಯ ಭಾರ ಹೊತ್ತರು. ಬೆಳಿಗ್ಗೆ ಎಂಟಕ್ಕೆ ತಿಂಡಿ, ಪ್ರಾರ್ಥನೆ ಮುಗಿದ ಕೂಡಲೇ ಹ್ಯಾರಿಯೆಟ್‌ಳನ್ನೂ ಆಕೆಯ ಗಂಡನನ್ನೂ ಕಾಲೇಜಿನ ಕೋಣೆಗೆ ಅಟ್ಟುತ್ತೇವೆ, ಸಂಸಾರದ ತಾಪತ್ರಯದಿಂದ ಅವಳನ್ನು ದೂರವಿಡಲು ಬೇರೆ ದಾರಿಯೇ ಇಲ್ಲ ಎಂದು ಅವರು ಬರೆದಿದ್ದಾರೆ. ಒಂಬತ್ತು ವರ್ಷ ಹಿಂದೆ, 1842ರಲ್ಲಿ, ನಾನು ಬರೆಯಬೇಕಾದರೆ ನನ್ನದೇ ಆದ ಒಂದು ಕೋಣೆ ಬೇಕು ಎಂದು ಹ್ಯಾರಿಯೆಟ್ ಗಂಡನಿಗೆ ಬರೆದಿದ್ದರು. ಆ ಕೋಣೆ ಸಿಕ್ಕಿದ್ದು ಹೀಗೆ, ಗಂಡನ ಕಚೇರಿಯ ಮೂಲೆಯಲ್ಲಿ, ಮನೆಯ ಪೊರಕೆಯನ್ನು ಅಕ್ಕ ಹಿಡಿದ ಮೇಲೆ.

ಕ್ಯಾಲ್ವಿನ್ ಬಗ್ಗೆ ಒಂದು ಮಾತು. ನೀನು ಸಾಹಿತಿಯೇ ಆಗಬೇಕು, ಅದು ನಿನ್ನ ಹಣೆಯಲ್ಲಿ ಬರೆದಿದೆ ಎಂದು ಹೆಂಡತಿಗೆ ಹುರುಪು ತುಂಬಿದವರು ಅವರು. ಪ್ರಕಾಶಕರೊಡನೆ ಒಪ್ಪಂದದ ಮಾತುಕತೆ ಆಡಿದವರೂ ಅವರೇ, ಏಕೆಂದರೆ ವ್ಯವಹಾರದಲ್ಲಿ ಹೆಂಡತಿಯ ಪರವಾಗಿ ಗಂಡ ನಿಲ್ಲುವುದು ಆ ಕಾಲದ ಕಾನೂನು ಮತ್ತು ವಾಡಿಕೆ. ಖರ್ಚು ಮತ್ತು ಲಾಭ ಎರಡನ್ನೂ ಅರ್ಧರ್ಧ ಹಂಚಿಕೊಳ್ಳೋಣವೆಂದು ಪ್ರಕಾಶಕ ಜ್ಯುವೆಟ್ ಕೇಳಿದಾಗ ಹಾಕಲು ಕೈಯಲ್ಲಿ ಹಣವಿರಲಿಲ್ಲ. ಶೇಕಡಾ 10ರ ಗೌರವಧನಕ್ಕೆ ಒಪ್ಪಿದರು. 1852ರ ಮಾರ್ಚ್ 20ರಂದು ಪುಸ್ತಕ ಹೊರಬಂತು. ಮೊದಲ ಕೆಲವೇ ತಿಂಗಳಿಗೆ ಅವರ ಪಾಲಿಗೆ 10,000 ಡಾಲರಿಗೂ ಹೆಚ್ಚು ಬಂತು, ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 3 ಲಕ್ಷ ಪ್ರತಿಗಳು ಮಾರಾಟವಾದವು.

ಕನೆಕ್ಟಿಕಟ್ ಕನ್ನಡಿಗ:

ನಾನು ಹಾರ್ಟ್‌ಫರ್ಡ್‌ನ ಹತ್ತಿರವೇ ಇರುವವನು. ಹ್ಯಾರಿಯೆಟ್ 1873ರಿಂದ ಕೊನೆಯವರೆಗೆ ಬಾಳಿದ ಫಾರೆಸ್ಟ್ ಸ್ಟ್ರೀಟ್ ಮನೆ ಈಗ ವಸ್ತುಸಂಗ್ರಹಾಲಯ. ಪಕ್ಕದಲ್ಲೇ ಮಾರ್ಕ್ ಟ್ವೇನ್ ಅವರ ದೊಡ್ಡ ಮನೆಯಿರುವುದರಿಂದ ಬಂದವರು ಹೆಚ್ಚಾಗಿ ಅಲ್ಲಿಗೇ ನುಗ್ಗುತ್ತಾರೆ. ನಾನು ಹೆಂಡತಿಯೊಡನೆ ಹೋದಾಗ ನಾವಿಬ್ಬರೂ ಬಹಳ ಹೊತ್ತು ನಿಂತದ್ದು ಸ್ಟೋವ್ ಮನೆಯ ಅಡುಗೆಮನೆಯಲ್ಲಿ. ಅಕ್ಕತಂಗಿಯರು 1869ರಲ್ಲಿ ಕೂಡಿ ಪ್ರಕಟಿಸಿದ ಗೃಹನಿರ್ವಹಣೆಯ ಪುಸ್ತಕದಲ್ಲಿ ಹೇಳಿದಂತೆ ಅದನ್ನು ಜೋಡಿಸಿದ್ದಾರೆ. ಬಾಗಿಲಿಲ್ಲದ ತೆರೆದ ಗೂಡುಗಳು, ಕೈಗೆಟುಕುವಂತೆ ಹಿಟ್ಟು, ಕೆಲಸದ ಮಣೆಗೆ ಬೆಳಕು. ನಿಂತಲ್ಲಿಂದ ಎರಡು ಹೆಜ್ಜೆಯಲ್ಲಿ ಎಲ್ಲವೂ ಸಿಗಬೇಕೆಂಬುದು ಅವರ ಲೆಕ್ಕಾಚಾರ. ಹುಳಿ ಹಾಲಿನ ಪತ್ರದ ಬಗ್ಗೆ ಇಲ್ಲಿ ಓದಿದ ಮೇಲೆ ಆ ಗೂಡುಗಳು ನನಗೆ ಬೇರೆಯೇ ಆಗಿ ಕಾಣುತ್ತಿವೆ.

ಆದರೆ ಹಣ ಬಂದ ಮೇಲೂ ಆ ತಾಯಿಗೆ ನೆಮ್ಮದಿ ಸಿಗಲಿಲ್ಲ. ಹಿರಿಯ ಮಗ ಹೆನ್ರಿ ಡಾರ್ಟ್‌ಮತ್ ಕಾಲೇಜಿನಲ್ಲಿ ಓದುತ್ತಿದ್ದಾಗ 1857ರ ಜುಲೈನಲ್ಲಿ ಕನೆಕ್ಟಿಕಟ್ ನದಿಯಲ್ಲಿ ಈಜಲು ಹೋಗಿ ಮುಳುಗಿದ. ವಯಸ್ಸು 19. ಫ್ರೆಡರಿಕ್ ವೈದ್ಯಶಿಕ್ಷಣ ಬಿಟ್ಟು ಅಂತರ್ಯುದ್ಧಕ್ಕೆ ಸೇರಿದ. 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಸಿಡಿಗುಂಡಿನ ಚೂರು ಕಿವಿಗೆ ಹೊಕ್ಕಿತು. ಕುಡಿತ ಅವನನ್ನು ಮೊದಲೇ ಹಿಡಿದಿತ್ತು, ಆ ನೋವು ಅದನ್ನು ಹೆಚ್ಚಿಸಿತು. ಮಗ ಕೈಗೆ ಕೆಲಸ ಸಿಕ್ಕರೆ ಸುಧಾರಿಸಬಹುದೆಂದು ತಾಯಿ ಫ್ಲೋರಿಡಾದಲ್ಲಿ ಹತ್ತಿಯ ತೋಟವನ್ನು ಗುತ್ತಿಗೆ ಹಿಡಿದುಕೊಟ್ಟರು, ಅದೂ ಕೈಗೂಡಲಿಲ್ಲ. 1870ರ ದಶಕದ ಆರಂಭದಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. ಆಮೇಲೆ ಅವನ ಸುದ್ದಿಯೇ ಬರಲಿಲ್ಲ. ಕಾಯಿಲೆಗೆಂದು ಕೊಟ್ಟ ಮಾರ್ಫಿನ್‌ಗೆ ದಾಸಳಾದ ಮಗಳು ಜಾರ್ಜಿಯಾನಾ 1890ರಲ್ಲಿ ತೀರಿಕೊಂಡಳು. 1896ರ ಜುಲೈ 1ರಂದು ಹ್ಯಾರಿಯೆಟ್ ಕಣ್ಣುಮುಚ್ಚಿದಾಗ ಏಳು ಮಕ್ಕಳಲ್ಲಿ ಉಳಿದಿದ್ದವರು ಅವಳಿ ಹೆಣ್ಣುಮಕ್ಕಳು ಮತ್ತು ಕಿರಿಯ ಮಗ, ಮೂವರೇ.

ಬಿಡುಗಡೆಯ ಹಾದಿ:

ಆ ಅವಳಿಗಳ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ಇಬ್ಬರೂ ಮದುವೆಯಾಗಲಿಲ್ಲ. ತಾಯಿಯ ಮನೆ, ಪ್ರಯಾಣ, ಪತ್ರವ್ಯವಹಾರ, ಕೊನೆಯ ವರ್ಷಗಳಲ್ಲಿ ಬುದ್ಧಿ ಮಸುಕಾದ ತಾಯಿಯ ಆರೈಕೆ ಎಲ್ಲವನ್ನೂ ನೋಡಿಕೊಂಡವರು ಅವರು. ಅಕ್ಕ ಕ್ಯಾಥರೀನ್ ಹಿಡಿದ ಪೊರಕೆ ಆಮೇಲೆ ಅವರ ಕೈಗೆ ಬಂತು. ಓದುಗಿಯವರ ಪ್ರಶ್ನೆಗೆ ಉತ್ತರವಾಗಿ ನಾವು ಬರೆಯುತ್ತಿರುವ ಹೆಸರುಗಳ ಸಾಲಿಗೆ ಎಲಿಜಾ ಬಕ್, ಆನ್ನಾ, ಆ ಜರ್ಮನ್ ಹುಡುಗಿ, ಬಟ್ಟೆ ಒಗೆಯುತ್ತಿದ್ದ ಮುದುಕಿ, ಕ್ಯಾಥರೀನ್ ಇವರ ಜೊತೆಗೆ ಈ ಇಬ್ಬರನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಸೂಲಗಿತ್ತಿಯ ಮೊಮ್ಮಗಳು:

ಉಳಿದ ಆ ಕಿರಿಯ ಮಗನ ವಿಷಯವನ್ನೂ ಹೇಳಿಬಿಡುತ್ತೇನೆ. ಬ್ರನ್ಸ್‌ವಿಕ್‌ನಲ್ಲಿದ್ದಾಗ ಇನ್ನೊಬ್ಬ ಅತ್ತಿಗೆ ಹ್ಯಾರಿಯೆಟ್‌ಗೆ ಪತ್ರ ಬರೆದು, ನಿನ್ನಂತೆ ಬರೆಯಲು ನನಗೆ ಬರುತ್ತಿದ್ದರೆ ಗುಲಾಮಗಿರಿ ಎಂಥ ಪಾಪವೆಂದು ಇಡೀ ದೇಶಕ್ಕೆ ಮನದಟ್ಟಾಗುವಂತೆ ಬರೆಯುತ್ತಿದ್ದೆ ಎಂದಿದ್ದರು. ಅದಕ್ಕೆ ಹ್ಯಾರಿಯೆಟ್ ಕೊಟ್ಟ ಉತ್ತರವೂ ಉಳಿದಿದೆ. ರಾತ್ರಿ ಮಗು ನನ್ನ ಪಕ್ಕದಲ್ಲಿ ಮಲಗುವಷ್ಟು ಕಾಲ ನನ್ನಿಂದ ಹೆಚ್ಚೇನೂ ಆಗದು, ಆದರೆ ಜೀವವಿದ್ದರೆ ಅದನ್ನು ಬರೆದೇ ಬರೆಯುತ್ತೇನೆ ಎಂದರು. ಪಕ್ಕದಲ್ಲಿ ಮಲಗುತ್ತಿದ್ದ ಆ ಮಗು ಚಾರ್ಲ್ಸ್ ಎಡ್ವರ್ಡ್. ಬೆಳೆದು ಪಾದ್ರಿಯಾಗಿ, ತಾಯಿ ಬದುಕಿರುವಾಗಲೇ, 1889ರಲ್ಲಿ, ಆಕೆಯ ಪತ್ರಗಳನ್ನೂ ದಿನಚರಿಗಳನ್ನೂ ಜೋಡಿಸಿ ಜೀವನಚರಿತ್ರೆ ಪ್ರಕಟಿಸಿದವನು ಅವನೇ. ಓದುಗಿಯವರು ಮೊದಲು ಹೇಳಿದ ಮೀನಿನವನ, ಸೇಬಿನ ಪೀಪಾಯಿಯ, ಹಾಲೂಡಿಸಲು ಎದ್ದುಹೋದ ಆ ಕಾಗದವೂ, ಈ ಉತ್ತರವೂ ನಮ್ಮ ಕೈಗೆ ಬಂದದ್ದು ಆ ಪುಸ್ತಕದಿಂದ.